‘ಯಾವೂರ್ರೀ ನಿಮ್ದು?’

ಧಾರವಾಡದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತ ಇಪ್ಪತ್ತೆಂಟು ವರ್ಷವಾಯಿತು. ಈ ಅಂಕಣಕ್ಕೆ ಬರುವ ಪತ್ರಗಳನ್ನು ಒಂದೊಂದಾಗಿ ನಾನೇ ಓದುತ್ತೇನೆ. ಈ ಸಲ ನಾಲ್ಕು ಪತ್ರ. ಊರು ಬಿಟ್ಟು ದೂರ ಹೋದವರ ಬಗ್ಗೆ ಮೂರು, ಊರಲ್ಲೇ ಇದ್ದೂ ಹೊರಗಿನವಳು ಅನ್ನಿಸಿಕೊಂಡವಳದು ಒಂದು. ಅವಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳುವುದಿಲ್ಲ ಅಂದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಕಲಘಟಗಿ ತಾಲ್ಲೂಕಿನ ಸಿದ್ದಿ ಹುಡುಗಿ. ನಮ್ಮ ಹಿರಿಯರು ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೇನೆ. ಒಂದನೇ ಕ್ಲಾಸಿನಿಂದ ಕನ್ನಡ ಶಾಲೆ. ಆದರೂ ಸಿಟಿ ಬಸ್ ಹತ್ತಿದರೆ ನನ್ನ ಜೊತೆ ಹಿಂದಿ ಮಾತಾಡುತ್ತಾರೆ. ‘ಜುಬಿಲಿ ಸರ್ಕಲ್ ಒಂದ್ ಕೊಡ್ರಿ’ ಎಂದರೆ ಬಸ್ಸೆಲ್ಲ ತಿರುಗಿ ನೋಡುತ್ತದೆ. ‘ಕನ್ನಡ ಎಷ್ಟ್ ಚಲೋ ಮಾತಾಡ್ತೀರಿ, ಆಫ್ರಿಕಾದಾಗ ಯಾವೂರ್ರೀ ನಿಮ್ದು?’ ಅಂತಾರೆ. ಹಾಸ್ಟೆಲಿನಲ್ಲಿ ಕೇಳದೆ ಕೂದಲು ಮುಟ್ಟುತ್ತಾರೆ. ಅಜ್ಜಿ ಹೊಲಿದ ಕೌದಿ ಹೊದ್ದರೆ ನಗುತ್ತಾರೆ. ಆರು ತಿಂಗಳಿಂದ ನಿದ್ದೆ ಇಲ್ಲ. ಎದೆ ಮೇಲೆ ಕಲ್ಲು ಇಟ್ಟ ಹಾಗೆ ಆಗುತ್ತದೆ. ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ‘ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ, ನೀನು ಜಾಸ್ತಿ ಸೂಕ್ಷ್ಮ’ ಅಂದರು. ಆಮೇಲೆ ‘ನಿಮ್ಮ ಜನ ಡಾನ್ಸ್ ಭಾರಿ ಮಾಡ್ತಾರಲ್ಲ’ ಅಂದರು. ಮತ್ತೆ ಹೋಗಲಿಲ್ಲ. ತಪ್ಪು ನನ್ನಲ್ಲೇ ಇದೆಯಾ ಅಕ್ಕಾ?
– ಹೆಸರು ಬೇಡ, ಧಾರವಾಡ

ಉತ್ತರ: ಇಲ್ಲ ತಂಗಿ, ತಪ್ಪು ನಿನ್ನಲ್ಲಿಲ್ಲ. ಇದನ್ನು ಮೊದಲು ಹೇಳಿ ಮುಂದೆ ಹೋಗುತ್ತೇನೆ.

‘ಯಾವೂರ್ರೀ ನಿಮ್ದು?’ ಅನ್ನುವುದು ನಮ್ಮ ಕಡೆ ಮಾತಿಗೆ ಮೊದಲ ಮಾತು. ಬಸ್ಸಿನಲ್ಲಿ ಪಕ್ಕ ಕೂತವರು ನನಗೆ ಹಾಗೆ ಕೇಳಿದರೆ, ಐದು ನಿಮಿಷದಲ್ಲಿ ಯಾರೋ ಬೀಗರ ಹೆಸರು ಸಿಗುತ್ತದೆ, ಶೇಂಗಾ ಪೊಟ್ಟಣ ಕೈಗೆ ಬರುತ್ತದೆ. ನಿನಗೆ ಅದೇ ಮಾತು ಬಾಗಿಲು ಹಾಕುವ ಮಾತಾಗುತ್ತದೆ. ನೀನು ಕಲಘಟಗಿ ಅಂದರೆ ಅವರು ನಂಬುವುದಿಲ್ಲ, ‘ಅಲ್ಲ, ಮೂಲ ಊರು?’ ಅಂತಾರೆ. ದಿನಕ್ಕೆ ನಾಲ್ಕು ಸಲ, ವರ್ಷಗಟ್ಟಲೆ, ಹುಟ್ಟಿದ ಜಿಲ್ಲೆಯಲ್ಲೇ ನಾನು ಇಲ್ಲಿಯವಳು ಅಂತ ಸಾಬೀತು ಮಾಡುತ್ತಿರಬೇಕು ಅಂದರೆ ಯಾರಿಗಾದರೂ ಮೈ ಸೋಲುತ್ತದೆ. ಹಗಲೆಲ್ಲ ಮೈಯೆಲ್ಲ ಕಣ್ಣಾಗಿ ಕಾಯುವ ದೇಹ, ರಾತ್ರಿ ದೀಪ ಆರಿಸಿದ ಕೂಡಲೇ ಕಾವಲು ಬಿಡುವುದಿಲ್ಲ. ಎದೆ ಬಡಿತ ಇಳಿಯುವುದಿಲ್ಲ, ಹೆಗಲು ಬಿಗಿಯಾಗಿಯೇ ಇರುತ್ತದೆ, ನಿದ್ದೆ ಹತ್ತಿರ ಬಂದು ವಾಪಸ್ ಹೋಗುತ್ತದೆ. ಇದು ಸೂಕ್ಷ್ಮ ಸ್ವಭಾವ ಅಲ್ಲ. ಪೆಟ್ಟು ಬಿದ್ದ ಕಡೆ ಬಾವು ಬರುವ ಹಾಗೆ ಇದು.

ನೊಂದವರನ್ನೇ ರೋಗಿ ಮಾಡುವುದು ನಿನ್ನ ಕೌನ್ಸೆಲರ್ ಒಬ್ಬರ ತಪ್ಪಲ್ಲ. ನಮ್ಮ ಶಾಸ್ತ್ರಕ್ಕೇ ಅಂಟಿಕೊಂಡು ಬಂದ ತಪ್ಪು ಅದು. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಒಂದು ಹೊಸ ಕಾಯಿಲೆಯ ಹೆಸರು ಬರೆದ. ಡ್ರಾಪೆಟೊಮೇನಿಯಾ. ಗುಲಾಮರು ಒಡೆಯನನ್ನು ಬಿಟ್ಟು ಓಡಿ ಹೋಗುತ್ತಾರಲ್ಲ, ಅದು ಮನಸ್ಸಿನ ರೋಗ ಅಂತೆ. ಅದಕ್ಕೆ ಅವನು ಹೇಳಿದ ಮದ್ದಿನಲ್ಲಿ ಚಾಟಿ ಏಟೂ ಇತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಿಮ್ಮ ಹಿರಿಯರು. ಆಫ್ರಿಕಾದ ಪೂರ್ವ ಕರಾವಳಿಯಿಂದ ಪೋರ್ಚುಗೀಸರು, ಅರಬ್ಬರು ಹಿಡಿದು ತಂದ ಜನ. ಗೋವಾದ ಒಡೆಯರಿಂದ ತಪ್ಪಿಸಿಕೊಂಡು ಹಳಿಯಾಳ, ಯಲ್ಲಾಪುರದ ಕಾಡು ಸೇರಿದವರು. ಕಾರ್ಟ್‌ರೈಟ್‌ನ ಲೆಕ್ಕದಲ್ಲಿ ಅವರೆಲ್ಲ ರೋಗಿಗಳು. ನನ್ನ ಲೆಕ್ಕದಲ್ಲಿ ಆ ಕಾಲದಲ್ಲಿ ಅವರಷ್ಟು ಆರೋಗ್ಯವಂತ ಮನಸ್ಸು ಯಾರದೂ ಇರಲಿಲ್ಲ. ನೀನು ಅವರ ಮೊಮ್ಮಗಳು.

ಅಮೆರಿಕದಲ್ಲಿ ಈ ತಪ್ಪು ಬಹಳ ದಿನ ಬೇರೆ ಬೇರೆ ರೂಪದಲ್ಲಿ ಮುಂದುವರಿಯಿತು. ಕಪ್ಪು ಜನ ಆಸ್ಪತ್ರೆಗೆ ಹೋಗಿ ‘ನನ್ನನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ’ ಎಂದರೆ, ಅದು ದಿನವೂ ನಡೆಯುವ ನಿಜ ಅಂತ ವೈದ್ಯರಿಗೆ ಹೊಳೆಯಲಿಲ್ಲ. ಖಿನ್ನತೆ ಇದ್ದವರಿಗೂ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ್ದು ಇದ್ದ ಹಾಗೆ ಭ್ರಮೆ ಕಾಡುವ ರೋಗ, ಎಂದು ಬರೆದುಕೊಟ್ಟರು. ಇದು ಒಂದೆರಡು ಆಸ್ಪತ್ರೆಯ ಮಾತಲ್ಲ, ಎಷ್ಟೋ ಅಧ್ಯಯನಗಳಲ್ಲಿ ಕಂಡದ್ದು. 2021ರ ಜನವರಿಯಲ್ಲಿ ಅಲ್ಲಿಯ ಮನೋವೈದ್ಯರ ಸಂಘವೇ ಮನೋವೈದ್ಯಶಾಸ್ತ್ರದೊಳಗಿನ ವರ್ಣಭೇದಕ್ಕಾಗಿ ಕ್ಷಮೆ ಕೇಳಿತು. ತಡ ಆಯಿತು. ಆದರೂ ಕೇಳಿದರು.

ನನ್ನದೂ ಒಂದು ಕಥೆ ಇದೆ, ನಿನಗಾಗಿ ಬರೆಯುತ್ತೇನೆ. ನಾನು ಈಗಿನ ಹಾವೇರಿ ಜಿಲ್ಲೆಯವಳು. ಆಗ ಅದೂ ಧಾರವಾಡ ಜಿಲ್ಲೆಯೇ. 1989ರಲ್ಲಿ ಮದುವೆಯಾಗಿ ಮುಂಬೈಗೆ ಹೋದೆ. ಚಾಳಿನಲ್ಲಿ ಒಂದು ಖೋಲಿ. ಯಜಮಾನರು ರಾತ್ರಿ ಪಾಳಿ. ಹಿಂದಿ, ಮರಾಠಿ ಎರಡೂ ಬರದು. ಮೂರು ತಿಂಗಳಿಗೆ ಊಟ ಸೇರದಾಯಿತು. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ‘ಎದಿಯೊಳಗ ಇರಿವಿ ಹರದಾಡಿದಂಗ ಆಗತೈತ್ರಿ’ ಅಂದೆ. ನಮ್ಮ ಕಡೆ ಕಳವಳಕ್ಕೆ ಹಾಗೆ ಹೇಳುವುದು ಸಹಜ ಅಲ್ವಾ? ಪಕ್ಕದ ಮನೆಯವರು ಅದನ್ನು ತಮಗೆ ತಿಳಿದ ಹಾಗೆ ಹಿಂದಿಗೆ ತಿರುಗಿಸಿ, ಇವಳ ಎದೆಯೊಳಗೆ ಇರುವೆ ಓಡಾಡುತ್ತವಂತೆ ಅಂದರು. ಡಾಕ್ಟರು ನನ್ನನ್ನು ಒಮ್ಮೆ ನೋಡಿ, ದೊಡ್ಡ ಗುಳಿಗೆ ಬರೆದರು. ಮೂರು ವಾರ ನನ್ನ ನಾಲಿಗೆ ತೊದಲಿತು. ಕೈ ಹಗ್ಗದ ಹಾಗೆ ಜೋತು ಬಿದ್ದಿತ್ತು. ಚಪಾತಿ ಲಟ್ಟಿಸಲು ಆಗುತ್ತಿರಲಿಲ್ಲ.

ನಾಲ್ಕನೇ ಸಲ ಹೋದಾಗ ಅಲ್ಲಿ ಬೆಳಗಾವಿ ಕಡೆಯ ಒಬ್ಬ ವಯಸ್ಸಾದ ನರ್ಸ್ ಇದ್ದರು. ಚೀಟಿ ಮೇಲೆ ನನ್ನ ಹೆಸರು ನೋಡಿ, ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: ‘ಯಾವೂರವಾ ನಿಂದು?’ ಅಷ್ಟೇ. ಬೆಂಚಿನ ಮೇಲೆ ಕೂತು ಅರ್ಧ ತಾಸು ಅತ್ತೆ. ಅವರು ನನ್ನ ಸೆರಗು ಸರಿ ಮಾಡುತ್ತ ಸುಮ್ನೆ ಕೂತಿದ್ದರು. ಆಮೇಲೆ ಒಳಗೆ ಹೋಗಿ, ಇರುವೆ ಅಂದರೆ ಇರುವೆ ಅಲ್ಲ, ತವರು ನೆನಪಾಗಿ ಕಂಗಾಲಾಗಿದ್ದಾಳೆ ಅಂತ ಡಾಕ್ಟರಿಗೆ ಹೇಳಿದರು. ಆ ಗುಳಿಗೆ ನಿಂತಿತು. ನಾನು ಈ ಕೆಲಸಕ್ಕೆ ಬಂದದ್ದು ಆ ಬೆಂಚಿನಿಂದ.

ಅದೇ ಪ್ರಶ್ನೆ ನೋಡು. ಬಸ್ಸಿನಲ್ಲಿ ನಿನ್ನನ್ನು ಹೊರಗೆ ನಿಲ್ಲಿಸಿತು, ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಕರೆಯಿತು. ಕೇಳುವವರಿಗೆ ಉತ್ತರ ಬೇಕಾಗಿತ್ತೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಿನ್ನ ಕೌನ್ಸೆಲರ್ ಸಿದ್ದಿಯೇ ಆಗಿರಬೇಕಿಲ್ಲ. ಅವರಿಗೆ ನಿನ್ನ ಬದುಕು ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಬೇಕಿತ್ತು. ಡಾನ್ಸ್ ಬಗ್ಗೆ ಕೇಳುವ ಬದಲು ಬಸ್ಸಿನ ಬಗ್ಗೆ ಕೇಳಬೇಕಿತ್ತು. ಇದಕ್ಕೆ ದಾರಿಯೂ ಇದೆ. ಅದೇ ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗಗಳ ಕೈಪಿಡಿಯಲ್ಲಿ 16 ಪ್ರಶ್ನೆಗಳ ಒಂದು ಸಂದರ್ಶನ ಸೇರಿಸಿದೆ. ನಿಮ್ಮ ಮನೆಯವರಿಗೆ ಈ ತೊಂದರೆಯನ್ನು ಹೇಗೆ ಹೇಳುತ್ತೀರಿ? ಇದು ಯಾತಕ್ಕೆ ಬಂತು ಅಂತ ನಿಮಗನ್ನಿಸುತ್ತದೆ? ನೀವು ಎಂಥ ಹಿನ್ನೆಲೆಯಿಂದ ಬಂದವರು ಅನ್ನುವುದು ಇದನ್ನು ಹೆಚ್ಚು ಮಾಡಿದೆಯಾ, ಕಡಿಮೆ ಮಾಡಿದೆಯಾ? ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟ. ನಾವಿಬ್ಬರೂ ಬೇರೆ ಬೇರೆ ಕಡೆಯವರು, ಅದರಿಂದ ನಾನು ನಿಮ್ಮನ್ನು ತಪ್ಪು ತಿಳಿದುಕೊಳ್ಳಬಹುದು ಎಂಬ ಅಳುಕು ಇದೆಯಾ ಅಂತ ವೈದ್ಯರೇ ರೋಗಿಯನ್ನು ಕೇಳಬೇಕು. ಆವತ್ತು ನನಗೆ ಯಾರಾದರೂ ಹೀಗೆ ಕೇಳಿದ್ದರೆ!

ಮತ್ತೆ ಹೋಗು, ಆದರೆ ಬೇರೆಯವರ ಹತ್ತಿರ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ. ಮೊದಲ ದಿನವೇ ಹೇಳಿಬಿಡು: ‘ನಾನು ಸಿದ್ದಿ. ಜನ ನನ್ನನ್ನು ನೋಡುವ ರೀತಿಯೂ ನನ್ನ ತೊಂದರೆಯ ಒಂದು ಭಾಗ. ಅದರ ಬಗ್ಗೆ ಮಾತಾಡೋಣವಾ?’ ಅವರು ಪೆನ್ನು ಕೆಳಗಿಟ್ಟು ‘ಹೇಳಮ್ಮಾ’ ಅಂದರೆ ಅಲ್ಲೇ ಇರು. ಮಾತು ಮರೆಸಿದರೆ ಎದ್ದು ಬಾ, ಇನ್ನೊಬ್ಬರನ್ನು ಹುಡುಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಜಾತಿ, ಸಂಸ್ಕೃತಿ, ಧರ್ಮ ನೋಡಿ ಭೇದ ಮಾಡದ ಚಿಕಿತ್ಸೆ ನಿನ್ನ ಹಕ್ಕು. ಹೇಳಿದ್ದು ಗುಟ್ಟಾಗಿ ಉಳಿಯಬೇಕು ಅನ್ನುವುದೂ ಹಕ್ಕು. ರಾತ್ರಿ ತೀರಾ ಕಷ್ಟ ಆದರೆ, ಬದುಕೇ ಬೇಡ ಅನ್ನಿಸಿದರೆ, ಬೆಳಗಾಗಲಿ ಅಂತ ಕಾಯಬೇಡ. 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರಿನಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಂದು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಧಾರವಾಡ, ಬೆಳಗಾವಿಯವರು ಅದಕ್ಕೆ 2020ರ ತನಕ ಕಾಯಬೇಕಾಯಿತು. ಸರ್ಕಾರದ ಕಾಗದವೂ ನಿಮ್ಮನ್ನು ‘ಇಲ್ಲಿಯವರಾ?’ ಅಂತ ಹದಿನೇಳು ವರ್ಷ ನಿಲ್ಲಿಸಿ ಕೇಳಿತು. ನಿನ್ನ ದಣಿವು ನಿನ್ನ ಒಬ್ಬಳದಲ್ಲ. ಹಾಗಾಗಿ ಒಬ್ಬಳೇ ಹೊರಬೇಡ. ಇಲ್ಲಿ ಓದುವ, ಕೆಲಸ ಮಾಡುವ ನಿನ್ನವರನ್ನು ಹುಡುಕಿ ತಿಂಗಳಿಗೊಮ್ಮೆ ಕೂತುಕೊಳ್ಳಿ. ಕೌದಿ ಮಾತ್ರ ಮಡಚಿ ಒಳಗಿಡಬೇಡ. ಹಳೆ ಸೀರೆಯ ತುಂಡಿನಲ್ಲಿ ಅಜ್ಜಿಯದು ಯಾವುದು, ಅವ್ವನದು ಯಾವುದು ಅಂತ ನಿನಗೆ ಗೊತ್ತು. ನಿದ್ದೆ ಬಾರದ ರಾತ್ರಿ ಬೆರಳಿನಿಂದ ಆ ಹೊಲಿಗೆ ಹಿಡಿದು, ಒಂದೊಂದು ಸಾಲು ನಿಧಾನ ಸವರುತ್ತ ಹೋಗು. ಉಸಿರು ತಾನೇ ನಿಧಾನ ಆಗುತ್ತದೆ. ಇದನ್ನು ನನ್ನ ಹತ್ತಿರ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಹೇಳಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮಗ ಟೆಕ್ಸಾಸಿನಲ್ಲಿ ಇಂಜಿನಿಯರ್. ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರಂತೆ. ಫೋನಿನಲ್ಲಿ ‘ಹೂಂ, ಇಲ್ಲ’ ಅಷ್ಟೇ. ಅಲ್ಲಿ ಕೌನ್ಸೆಲರ್ ಹತ್ತಿರ ಹೋಗುತ್ತಾನೆ. ಆಕೆ ‘ಅಪ್ಪ-ಅಮ್ಮನಿಗೆ ದುಡ್ಡು ಕಳಿಸುವುದು ಕಡಿಮೆ ಮಾಡು, ನಿನ್ನ ಬದುಕು ನೋಡಿಕೋ’ ಎಂದರಂತೆ. ನಮ್ಮಿಂದ ಮಗನನ್ನು ಬಿಡಿಸುತ್ತಿದ್ದಾರೆ ಅನ್ನಿಸುತ್ತದೆ. ಹೋಗಬೇಡ ಅನ್ನಲೇ?
– ಒಬ್ಬ ತಾಯಿ, ಗದಗ

ಉತ್ತರ: ಬೇಡ ಅನ್ನಬೇಡಿ ಅಕ್ಕಾವ್ರೇ. ದಯವಿಟ್ಟು. ಪರದೇಶದಲ್ಲಿ ಒಂಟಿ ಇರುವ ಹುಡುಗ ತಾನಾಗಿ ಒಬ್ಬರ ಬಾಗಿಲು ತಟ್ಟಿದ್ದಾನೆ. ಅದು ಸಣ್ಣ ಮಾತಲ್ಲ.

ಅಲ್ಲಿ ಕೆಲಸಕ್ಕೆ ಕೊಡುವ ಎಚ್-1ಬಿ ವೀಸಾದಲ್ಲಿ ಇರುವವರು ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ದೇಶ ಬಿಡುವ ದಾರಿ ನೋಡಬೇಕು. ನಿಮ್ಮ ಮಗನದು ಅದೇ ವೀಸಾ ಆಗಿದ್ದರೆ, ಆ ಅರವತ್ತು ದಿನದ ಲೆಕ್ಕ ಅವನ ತಲೆಯಲ್ಲಿ ಹಗಲು ರಾತ್ರಿ ಓಡುತ್ತಿರುತ್ತದೆ. ಅಲ್ಲಿ ಹುಟ್ಟಿ ಬೆಳೆದ ಕೌನ್ಸೆಲರಿಗೆ ಆ ಭಯ ಮೈಗೆ ತಾಗಿರಲಿಕ್ಕಿಲ್ಲ. ದುಡ್ಡು ಕಳಿಸುವುದೂ ಹಾಗೆಯೇ. ಆಕೆಗೆ ಅದು ಹೊರೆ ಎಂದು ಕಂಡಿರಬಹುದು. ನಮ್ಮಲ್ಲಿ ಮೊದಲ ಪಗಾರದಲ್ಲಿ ಅವ್ವನಿಗೆ ಇಳಕಲ್ ಸೀರೆ ತಂದು ಕೊಟ್ಟ ಮಗನ ಮುಖ ಆಕೆ ನೋಡಿಲ್ಲ. ಇದನ್ನು ಅವನೇ ಆಕೆಗೆ ಹೇಳಬೇಕು. ‘ದುಡ್ಡು ಕಳಿಸುವುದು ನನಗೆ ಭಾರ ಅಲ್ಲ, ಹಾಗೆ ಕಳಿಸಿದಾಗಲೇ ನಾನು ಮಗ ಅನ್ನಿಸುತ್ತದೆ’ ಅಂತ.

ಆದರೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅದು ಅವನಿಗೆ ನಿಜವಾಗಿಯೂ ಭಾರ ಆಗಿದ್ದರೆ? ನಿಮ್ಮ ಮುಂದೆ ಹೇಳಲು ಆಗದ್ದನ್ನು ಅಲ್ಲಿ ಹೇಳಿದ್ದರೆ? ಆ ಸಾಧ್ಯತೆಗೂ ಮನೆಯಲ್ಲಿ ಸ್ವಲ್ಪ ಜಾಗ ಇರಲಿ. ಭಾನುವಾರದ ಫೋನಿನಲ್ಲಿ ನೀವು ಏನೇನು ಕೇಳುತ್ತೀರಿ ಅಂತ ಒಂದು ಸಲ ಬರೆದು ನೋಡಿ. ಊಟ ಆಯ್ತಾ, ಕೆಲಸ ಏನಾಯ್ತು, ಗ್ರೀನ್ ಕಾರ್ಡ್ ಯಾವಾಗ, ಮದುವೆ ಯಾವಾಗ. ಒಂದು ವಾರ ಇವು ಯಾವುದೂ ಬೇಡ. ಮನೆ ಮುಂದಿನ ನುಗ್ಗೆ ಗಿಡ ತೋರಿಸಿ. ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿ. ಅಪ್ಪಾಜಿಯವರಿಗೆ ಮೊಬೈಲ್ ಕೊಟ್ಟು ಸುಮ್ನೆ ಕೂಡಿಸಿ. ‘ಕೆಲಸ ಹೋದ್ರ ಹೋಗ್ಲಿ, ಮನಿ ಐತಿ’ ಅಂತ ಒಂದೇ ಒಂದು ಸಲ ಹೇಳಿ. ಈ ಮಾತು ನಿಮ್ಮ ಬಾಯಿಂದಲೇ ಬರಬೇಕು. ಇದನ್ನು ಹೇಳಲು ಯಾವ ಕೌನ್ಸೆಲರಿಗೂ ಆಗುವುದಿಲ್ಲ.

ಕನ್ನಡದವರೇ ಆದ ಕೌನ್ಸೆಲರನ್ನು ಹುಡುಕು ಅಂತ ಒತ್ತಾಯ ಮಾಡಬೇಡಿ. ಸಣ್ಣ ಕನ್ನಡ ಬಳಗದಲ್ಲಿ ಮಾತು ಹರಡುತ್ತದೆ ಎಂಬ ಭಯ ಎಷ್ಟೋ ಮಂದಿಗೆ ಇರುತ್ತದೆ. ಅವನಿಗೆ ಯಾರ ಹತ್ತಿರ ಹಗುರ ಅನ್ನಿಸುತ್ತದೋ ಅವರೇ ಸರಿ. ತೀರಾ ತುರ್ತು ಆದರೆ ಅಲ್ಲಿ 988 ಅಂತ ಮೂರು ಅಂಕಿಯ ನಂಬರ್ ಇದೆ, 2022ರಿಂದ. ಅದನ್ನು ಅವನ ಗೆಳೆಯನಿಗೂ ಹೇಳಿಡಿ.

ಪ್ರಶ್ನೆ: ನಾವು ಲಂಬಾಣಿ ತಾಂಡಾದವರು. ದುಡಿಯಲು ಗೋವಾಕ್ಕೆ ಹೋಗಿದ್ದೆವು. ಅಲ್ಲೇ ಹೆರಿಗೆ ಆಯಿತು. ಆವಾಗಿನಿಂದ ಹೆಂಡತಿ ಮಂಕಾಗಿದ್ದಾಳೆ, ಅಳುತ್ತಾಳೆ. ನಮ್ಮ ಅವ್ವ ದೇವರಿಗೆ ಹರಕೆ ಹೊತ್ತು ತಾಂಡಾಕ್ಕೆ ಕರೆತಂದಳು. ಡಾಕ್ಟರು ‘ದೇವರು ದಿಂಡರು ಅಂತ ಹೋದರೆ ನಾನು ನೋಡುವುದಿಲ್ಲ’ ಎಂದು ಬೈದರು. ಯಾರ ಮಾತು ಕೇಳಬೇಕು?
– ಓದುಗ, ಹಾವೇರಿ ಜಿಲ್ಲೆ

ಉತ್ತರ: ಎರಡನ್ನೂ ಮಾಡಿ ತಮ್ಮಾ. ಅವ್ವ ತಾಂಡಾಕ್ಕೆ ಕರೆತಂದದ್ದು ಬಹಳ ಒಳ್ಳೆಯದಾಯಿತು. ಹಸಿ ಬಾಣಂತಿ, ಪರ ಊರು, ಎಣ್ಣೆ ಹಚ್ಚಿ ನೀರು ಹಾಕುವವರಿಲ್ಲ, ತನ್ನ ಗೋರ್‌ಬೋಲಿಯಲ್ಲಿ ಮಾತಾಡಲು ಒಬ್ಬ ಹೆಂಗಸಿಲ್ಲ. ಅವಳಿಗೆ ತನ್ನವರು ಬೇಕಿತ್ತು.

ನೈಜೀರಿಯಾದಲ್ಲಿ ಥಾಮಸ್ ಅಡಿಯೋಯೆ ಲ್ಯಾಂಬೊ ಎಂಬ ಮನೋವೈದ್ಯರಿದ್ದರು. 1954ರಲ್ಲಿ ಅಬೆಯೊಕುಟಾ ಊರಿನ ಆರೊ ಆಸ್ಪತ್ರೆಯಲ್ಲಿ ಅವರು ಒಂದು ಹೊಸ ಕ್ರಮ ತಂದರು. ರೋಗಿಯನ್ನು ವಾರ್ಡಿನಲ್ಲಿ ಕೂಡಿ ಹಾಕಲಿಲ್ಲ. ಅವ್ವನೋ ಅಕ್ಕನೋ ಜೊತೆಗಿದ್ದು, ಸುತ್ತಲಿನ ಹಳ್ಳಿಯ ಮನೆಗಳಲ್ಲಿ ಉಳಿದುಕೊಂಡು ಚಿಕಿತ್ಸೆ ತೆಗೆದುಕೊಂಡರು. ಊರಿನ ನಾಟಿ ವೈದ್ಯರನ್ನೂ ಲ್ಯಾಂಬೊ ಜೊತೆಗೆ ಸೇರಿಸಿಕೊಂಡರು. ಔಷಧ ಬಿಡಲಿಲ್ಲ, ಜನರನ್ನೂ ಬಿಡಲಿಲ್ಲ. ಅದೇ ಸುಮಾರಿಗೆ ಅಲ್ಜೀರಿಯಾದಲ್ಲಿ ಫ್ರಾಂಟ್ಜ್ ಫ್ಯಾನನ್ ಎಂಬ ಕಪ್ಪು ವೈದ್ಯರು ಇನ್ನೊಂದು ವಿಷಯ ಕಂಡುಕೊಂಡರು. ಯುರೋಪಿನ ಹೆಂಗಸರ ವಾರ್ಡಿನಲ್ಲಿ ಫಲ ಕೊಟ್ಟ ಕ್ರಮ, ಅಲ್ಲಿಯ ಮುಸ್ಲಿಂ ಗಂಡಸರ ವಾರ್ಡಿನಲ್ಲಿ ಏನೂ ಕೆಲಸ ಮಾಡಲಿಲ್ಲ. ಅವರು ಆಸ್ಪತ್ರೆಯೊಳಗೆ ಆ ಜನ ಕೂಡುವಂಥ ಕಾಫಿ ಅಂಗಡಿ ಮಾಡಿಸಿದರು, ನಮಾಜಿಗೆ ಜಾಗ ಮಾಡಿಸಿದರು. ಆಮೇಲೆ ವಾರ್ಡಿಗೆ ಜೀವ ಬಂತು.

ಹರಕೆ ತೀರಿಸಿ. ಆದರೆ ಡಾಕ್ಟರು ಕೊಟ್ಟ ಗುಳಿಗೆ ಒಂದು ದಿನವೂ ತಪ್ಪಬಾರದು. ಉಪವಾಸ ಕೆಡವುವುದು, ಹೊಡೆಯುವುದು, ಕಟ್ಟಿ ಹಾಕುವುದು ಯಾರು ಹೇಳಿದರೂ ಬೇಡ. ಮನೋರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಮತ್ತೆ ಇದನ್ನು ಸರಿಯಾಗಿ ಕೇಳಿ: ಅವಳು ಎರಡು-ಮೂರು ರಾತ್ರಿ ನಿದ್ದೆಯೇ ಮಾಡದಿದ್ದರೆ, ಯಾರೋ ಮಾತಾಡಿದ್ದು ಕೇಳಿಸುತ್ತದೆ ಅಂದರೆ, ಮಗುವಿನ ಬಗ್ಗೆ ಭಯ ಆಗುವಂಥ ಮಾತಾಡಿದರೆ, ಆವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಗುವಿನ ಜೊತೆ ಅವಳನ್ನು ಒಬ್ಬಳೇ ಬಿಡಬೇಡಿ. ಬೈಯದ ಇನ್ನೊಬ್ಬ ಡಾಕ್ಟರು ಬೇಕು ಅಂದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಅವ್ವನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವಳ ಮಾತನ್ನೂ ಡಾಕ್ಟರು ಕೇಳಲಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದು ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಒಡಿಶಾದ ಹುಡುಗ ಒಬ್ಬ ಎರಡು ವರ್ಷದಿಂದ ಇದ್ದಾನೆ. ಈಗ ಊಟ ಬಿಟ್ಟಿದ್ದಾನೆ, ವೆಲ್ಡಿಂಗ್ ಮಾಡುತ್ತ ಮಾಡುತ್ತ ನಿಂತುಬಿಡುತ್ತಾನೆ. ಉಳಿದ ಹುಡುಗರು ‘ಭಾಳ ವಿಚಾರ ಮಾಡ್ತಾನ್ರೀ’ ಅಂತಾರೆ. ನನಗೆ ಅವನ ಭಾಷೆ ಬರುವುದಿಲ್ಲ. ಏನು ಮಾಡಲಿ?
– ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಮೊದಲು ಅವನನ್ನು ಸ್ವಲ್ಪ ದಿನ ವೆಲ್ಡಿಂಗಿನಿಂದ ದೂರ ಇಡಿ ಅಣ್ಣಾವ್ರೇ. ಪಗಾರ ಕಡಿಯಬೇಡಿ. ಆಮೇಲೆ 14416ಕ್ಕೆ ನೀವೇ ಫೋನ್ ಹಚ್ಚಿ ಅವನ ಕೈಗೆ ಕೊಡಿ. ಟೆಲಿ ಮಾನಸ್‌ನಲ್ಲಿ ಒಡಿಯಾದಲ್ಲೂ ಮಾತಾಡಬಹುದು. ಅವನು ಮಾತಾಡುವಾಗ ನೀವು ಮತ್ತು ಹುಡುಗರು ಹೊರಗೆ ಬನ್ನಿ. ಸಾಯುವ ಮಾತು ಆಡಿದ ಅಂತ ಯಾರಾದರೂ ಹೇಳಿದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

‘ಭಾಳ ವಿಚಾರ ಮಾಡ್ತಾನ’ ಅಂದಿರಲ್ಲ, ಜಿಂಬಾಬ್ವೆಯಲ್ಲಿ ಶೋನಾ ಭಾಷೆಯವರೂ ಸಂಕಟಕ್ಕೆ ಹೀಗೇ ಹೇಳುತ್ತಾರೆ. ಕುಫುಂಗಿಸಿಸಾ. ಅತಿಯಾಗಿ ವಿಚಾರ ಮಾಡುವುದು ಅಂತಲೇ ಅರ್ಥ. ಅಲ್ಲಿಯ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಕ್ಲಿನಿಕ್ಕಿನ ಅಂಗಳದಲ್ಲಿ ಮರದ ಬೆಂಚು ಹಾಕಿಸಿದರು. ಅದರ ಮೇಲೆ ತರಬೇತಿ ಪಡೆದ ಅಜ್ಜಿಯರನ್ನು ಕೂಡಿಸಿದರು. ಅಜ್ಜಿಯರು ದೊಡ್ಡ ದೊಡ್ಡ ರೋಗದ ಹೆಸರು ಹೇಳಲಿಲ್ಲ. ಜನರ ಮಾತಿನಲ್ಲೇ ಕೇಳಿದರು, ಒಂದು ಕಷ್ಟ ಆರಿಸಿ ಅದಕ್ಕೊಂದು ದಾರಿ ಹುಡುಕಿದರು. 2016ರಲ್ಲಿ ಇದರ ಪರೀಕ್ಷೆಯ ಫಲಿತಾಂಶ ಬಂತು. ಬೆಂಚಿಗೆ ಬಂದವರಲ್ಲಿ ಆರು ತಿಂಗಳ ನಂತರ ಖಿನ್ನತೆ, ಕಳವಳ ಉಳಿದವರಿಗಿಂತ ಚೆನ್ನಾಗಿ ಇಳಿದಿತ್ತು.

ನಿಮ್ಮ ವರ್ಕ್‌ಶಾಪಿನ ಮುಂದೆ ಕಟ್ಟೆ ಇರಬೇಕಲ್ವಾ? ಸಂಜೆ ಮಷಿನ್ ಬಂದ್ ಆದ ಮೇಲೆ ಎರಡು ಕಪ್ ಚಹಾ ತರಿಸಿ ಅವನ ಪಕ್ಕ ಕೂತುಕೊಳ್ಳಿ. ಮುರುಕಲು ಹಿಂದಿ ಸಾಕು. ಮೊಬೈಲಿನಲ್ಲಿ ಮ್ಯಾಪ್ ತೆಗೆದು ಅವನ ಕೈಗೆ ಕೊಟ್ಟು, ಯಾವೂರಪ್ಪಾ ನಿಂದು, ತೋರಿಸು ಅನ್ನಿ. ಅವನು ಬೆರಳಿಟ್ಟ ಊರಿನ ಹೆಸರನ್ನು ಅವನ ಹಾಗೆಯೇ ಹೇಳಲು ಕಲಿಯಿರಿ. ಹದಿನೈದು ದಿನ ಬಿಟ್ಟು, ಹುಡುಗ ಹೇಗಿದ್ದಾನೆ ಅಂತ ನನಗೆ ಒಂದು ಕಾರ್ಡ್ ಹಾಕಿ.